ಬಿಸಿಲ ಸೀಮೆಯ ಹಣ್ಣಿನ ಗ್ಲಾಸು

ಭಾರತ ಹುಣ್ಣಿಮೆಗೆ ಮೈಲಾರದ ಕಾರಣಿಕ ಮುಗಿಯುವ ಹೊತ್ತಿಗೆ ಹೂವಿನಹಡಗಲಿ ಸೀಮೆಯಲ್ಲಿ ಬಿಸಿಲು ಬಲಿಯತೊಡಗುತ್ತದೆ. ಅದರ ಬೆನ್ನಿಗೇ ತುಂಗಭದ್ರೆಯ ದಂಡೆಯ ಕುರುವತ್ತಿಯಲ್ಲಿ ಶಿವರಾತ್ರಿ ಜಾತ್ರೆ, ಕೊಟ್ಟೂರಿನಲ್ಲಿ ಗುರುಬಸವೇಶ್ವರನ ತೇರು, ಯುಗಾದಿಗೆ ಉಚ್ಚಂಗಿದುರ್ಗದ ಗುಡ್ಡ ಹತ್ತುವ ಜನ. ಇಡೀ ಸೀಮೆ ರಸ್ತೆಗಿಳಿದು ನಡೆಯುವ ಕಾಲ ಇದು. ದಾವಣಗೆರೆ ಕಡೆಯಿಂದ ಕೊಟ್ಟೂರಿಗೆ ಪಾದಯಾತ್ರೆ ಹೊರಟವರಿಗೆ ದಾರಿಯ ಊರುಗಳ ಮಂದಿ ಚಪ್ಪರ ಹಾಕಿ ಮಜ್ಜಿಗೆ, ಬೆಲ್ಲದ ಪಾನಕ, ಕಲ್ಲಂಗಡಿ ಹೋಳು ಕೊಟ್ಟು ಕಳಿಸುತ್ತಾರೆ. ಬಾಯಾರಿದವರಿಗೆ ನೀರು ಕೊಡಲು ಅರವಟಿಗೆ ಇಡುವುದು ನಮ್ಮಲ್ಲಿ ಇಂದು ನಿನ್ನೆಯ ಪುಣ್ಯಕಾರ್ಯವಲ್ಲ. ಅರವಟಿಗೆಗೆಂದು ದತ್ತಿ ಬಿಟ್ಟ ಮಾತು ಹಳೆಯ ಕನ್ನಡ ಶಾಸನಗಳಲ್ಲೇ ಇದೆ.

ಆ ಚಪ್ಪರಗಳ ಪಕ್ಕದಲ್ಲಿ ಈಗ ಇನ್ನೊಂದು ನೆರಳು ಎದ್ದಿದೆ. ತಳ್ಳುಗಾಡಿಯ ಮೇಲೆ ಮೂರು ಜಾರಿನ ಮಿಕ್ಸಿ, ತಂತಿಗೆ ತೂಗುಬಿದ್ದ ಅನಾನಸು, ಗೋಪುರದಂತೆ ಪೇರಿಸಿದ ಮೂಸಂಬಿ, ಐಸ್ ಡಬ್ಬಿ, ಹಾಲಿನ ಪಾಕೀಟು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಬಸ್ ನಿಲ್ದಾಣಗಳ ಎದುರಷ್ಟೇ ಅಲ್ಲ, ಹೊಳಲಿನಂಥ ದೊಡ್ಡ ಹಳ್ಳಿಯ ಕೂಡುರಸ್ತೆಯಲ್ಲೂ ಜ್ಯೂಸ್ ಅಂಗಡಿ ಈಗ ಚಹಾದಂಗಡಿಯಷ್ಟೇ ಸಹಜ. ಸಂತೆಗೆ ಬಂದ ಅಜ್ಜಿ ಮೊಮ್ಮಗನಿಗೆ ಚಿಕ್ಕು ಜ್ಯೂಸ್ ಕೊಡಿಸುತ್ತಾಳೆ. ಕಾಲೇಜು ಹುಡುಗಿಯರು ಗುಂಪಾಗಿ ಬಂದು ‘ಐಸ್ ಕಡಿಮಿ ಹಾಕ್ರಿ’ ಅನ್ನುತ್ತಾರೆ. ಆಸ್ಪತ್ರೆಗೆ ಹೋಗುವವರು ರೋಗಿಗೆಂದು ಮೂಸಂಬಿ ರಸ ಕಟ್ಟಿಸಿಕೊಳ್ಳುತ್ತಾರೆ. ರಂಜಾನ್ ಈ ಕಾಲಕ್ಕೆ ಬಿದ್ದ ವರ್ಷ ಸಂಜೆ ಉಪವಾಸ ಬಿಡುವ ಹೊತ್ತಿಗೆ ಈ ಅಂಗಡಿಗಳ ಮುಂದೆ ನಿಲ್ಲಲು ಜಾಗವಿರುವುದಿಲ್ಲ.

ಹಣ್ಣನ್ನು ರುಬ್ಬಿ ಕುಡಿಯುವ ಈ ಹೊಸ ರೂಢಿ ನನಗೆ ಇಷ್ಟ. ಕಾರ್ಖಾನೆಯ ಬಣ್ಣದ ನೀರಿಗಿಂತ ಕಣ್ಣೆದುರೇ ಕೊಯ್ದ ಹಣ್ಣು ಯಾವತ್ತಿಗೂ ಮೇಲು. ಆದರೆ ಆ ಗ್ಲಾಸಿನೊಳಗೆ ನಮ್ಮ ಸೀಮೆಯ ಹಣ್ಣು ಎಷ್ಟಿದೆ ಎಂದು ಲೆಕ್ಕ ಹಾಕಿದರೆ ಸಂಕಟವಾಗುತ್ತದೆ. ಬೇಲ, ಸೀತಾಫಲ, ಹುಣಸೆ, ಅಂಜೂರ ಬೆಳೆಯುವ ನೆಲದಲ್ಲಿ ಕೂತು ಹಿಮಾಚಲದ ಸೇಬು, ಮಲೆನಾಡಿನ ಅನಾನಸು ಕುಡಿಯುತ್ತಿದ್ದೇವೆ. ನಮ್ಮ ಹಣ್ಣು ಗಿಡದ ಬುಡದಲ್ಲಿ, ಇಲ್ಲವೇ ದಲ್ಲಾಳಿಯ ಲಾರಿಯಲ್ಲಿ ಉಳಿದಿದೆ.

ಮೊದಲು ಅಂಗಡಿಯವನ ಕೈಕೆಲಸ ನೋಡಬೇಕು. ಹೊರಗಿನಿಂದ ಸುಲಭವೆನಿಸುವ ಕೆಲಸ ಅದು. ಹತ್ತಿರ ನಿಂತರೆ ಅದರೊಳಗಿನ ಕಸುಬು ಕಾಣುತ್ತದೆ. ಚಿಕ್ಕು ಕೇಳಿದರೆ ಆತ ಹಣ್ಣನ್ನು ಹೆಬ್ಬೆರಳಿನಿಂದ ಒತ್ತುತ್ತಾನೆ. ಗಟ್ಟಿ ಇದ್ದದ್ದು ಬುಟ್ಟಿಯ ತಳಕ್ಕೆ ಹೋಗುತ್ತದೆ, ಏಕೆಂದರೆ ಬಲಿಯದ ಚಿಕ್ಕುವಿನ ಸೊನೆ ನಾಲಗೆಗೆ ಅಂಟುತ್ತದೆ. ಹಣ್ಣಾದದ್ದನ್ನು ಎರಡು ಹೋಳು ಮಾಡಿ, ಕಪ್ಪು ಬೀಜ ಹಾರಿಸಿ, ಚಮಚದಲ್ಲಿ ತಿರುಳು ಕೆರೆದು ಜಾರಿಗೆ ಹಾಕುತ್ತಾನೆ. ಮೊದಲ ಸುತ್ತಿಗೆ ಹಾಲು ಸ್ವಲ್ಪವೇ. ತಿರುಳು ನುಣ್ಣಗಾದ ಮೇಲೆ ಉಳಿದ ಹಾಲು, ಕಡೆಗೆ ಐಸ್. ಎಲ್ಲವನ್ನೂ ಒಟ್ಟಿಗೆ ಸುರಿದರೆ ಐಸ್ ಒಡೆಯುತ್ತದೆ, ಹಣ್ಣು ಗಂಟಾಗಿ ಉಳಿಯುತ್ತದೆ.

ದಾಳಿಂಬೆಗೆ ಲೆಕ್ಕವೇ ಬೇರೆ. ಅದನ್ನು ಒಂದೇ ಸಮನೆ ತಿರುಗಿಸುವಂತಿಲ್ಲ. ಗುಂಡಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿ, ಕಾಳಿನ ಮೇಲಿನ ರಸ ಒಡೆದ ಕೂಡಲೇ ಸೋಸಿಬಿಡಬೇಕು. ಒಳಗಿನ ಬೀಜ ಪುಡಿಯಾದರೆ ಒಗರು ಬರುತ್ತದೆ. ಅನಾನಸಿಗೆ ಹಾಲು ಸೇರಿಸುವುದಿಲ್ಲ. ಅದರಲ್ಲಿರುವ ಬ್ರೊಮಲೈನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ. ಪಪ್ಪಾಯದಲ್ಲೂ ಪಪೈನ್ ಎಂಬ ಅಂಥದ್ದೇ ಕಿಣ್ವವಿದೆ. ಕಾಯಿಯ ಸೊನೆಯಲ್ಲಿ ಅದು ಜಾಸ್ತಿ, ಹಣ್ಣಾದಂತೆ ಕಡಿಮೆ. ಹಾಗಾಗಿ ಚೆನ್ನಾಗಿ ಹಣ್ಣಾದ ಪಪ್ಪಾಯವನ್ನು ಹಾಲಿನೊಂದಿಗೆ ರುಬ್ಬಬಹುದು, ಆದರೆ ಕೂಡಲೇ ಕುಡಿಯಬೇಕು. ಮೂಸಂಬಿ ರಸ ಹಿಂಡಿದಾಗ ಸಿಹಿ, ಇಟ್ಟರೆ ಕಹಿ. ಅದರೊಳಗಿನ ರುಚಿಯಿಲ್ಲದ ಒಂದು ವಸ್ತು ರಸದ ಹುಳಿಯ ಜತೆ ಸೇರಿ ನಿಧಾನವಾಗಿ ಲಿಮೊನಿನ್ ಆಗಿ ಬದಲಾಗುವುದೇ ಕಾರಣ. ಆಸ್ಪತ್ರೆಗೆಂದು ಕಟ್ಟಿಸಿಕೊಂಡು ಹೋದ ರಸವನ್ನು ರೋಗಿ ಎರಡು ತಾಸಿನ ಮೇಲೆ ಕುಡಿದು ಮುಖ ಕಿವುಚಿದರೆ ಹಣ್ಣಿನ ತಪ್ಪೂ ಅಲ್ಲ, ಅಂಗಡಿಯವನದ್ದೂ ಅಲ್ಲ. ಸೇಬು, ಬಾಳೆ ಕೊಯ್ದಿಟ್ಟರೆ ಕಂದುವುದನ್ನು ಎರಡು ಹನಿ ಲಿಂಬೆ ತಡೆಯುತ್ತದೆ. ಈ ರಸಾಯನಶಾಸ್ತ್ರವನ್ನು ಯಾರೂ ಆ ಹುಡುಗರಿಗೆ ಪಾಠ ಮಾಡಿಲ್ಲ. ಕೆಟ್ಟ ಗ್ಲಾಸುಗಳನ್ನು ಚೆಲ್ಲಿ ಕಲಿತದ್ದು. ಇದನ್ನೊಂದು ವಿದ್ಯೆಯೆಂದು ನಾವು ಗೌರವಿಸಬೇಕು.

ಕನ್ನಡ ನಾಡಿಗೆ ಈ ವಿದ್ಯೆ ಹೊಸದೇನಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ ಒಂದು ಕಾಲಕ್ಕೆ ಐನೂರು ಹಳ್ಳಿಗಳ ನಾಡಿನ ಹೆಸರು. ಕಲ್ಯಾಣದ ಚಾಲುಕ್ಯರ ಆಳ್ವಿಕೆ ಈ ನೆಲದ ಮೇಲಿತ್ತು. ಬಾಗಳಿಯ ಕಲ್ಲೇಶ್ವರ, ಹಿರೇಹಡಗಲಿ, ಕುರುವತ್ತಿಯ ಗುಡಿಗಳೇ ಅದಕ್ಕೆ ಸಾಕ್ಷಿ. ಅದೇ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ಊಟಕ್ಕೆ ಅನ್ನಭೋಗವೆಂದೂ ಕುಡಿಯುವುದಕ್ಕೆ ಪಾನೀಯಭೋಗವೆಂದೂ ಬೇರೆ ಬೇರೆ ಅಧ್ಯಾಯ ಇಟ್ಟಿದ್ದಾನೆ. ರಾಜ್ಯ ಆಳುವವನೊಬ್ಬ ಕುಡಿಯುವ ನೀರಿನ ಬಗೆಗೆ, ಅದನ್ನು ತಣಿಸುವ, ಕಂಪುಗೊಳಿಸುವ ಬಗೆಗೆ ಅಷ್ಟು ಶ್ರದ್ಧೆಯಿಂದ ಬರೆದಿದ್ದಾನೆಂದರೆ ಅದು ಬಿಸಿಲು ನಾಡಿನ ದೊರೆಯ ತಿಳಿವಳಿಕೆ. ಅವನಿಗೂ ನೂರು ವರ್ಷ ಮೊದಲು, 1025ರ ಸುಮಾರಿಗೆ, ಚಾವುಂಡರಾಯನೆಂಬ ಕವಿ ಕನ್ನಡದಲ್ಲೇ ‘ಲೋಕೋಪಕಾರ’ ಬರೆದು ಅಡುಗೆ, ಅಂತರ್ಜಲ, ಗಿಡಮರಗಳ ಆರೈಕೆಯನ್ನು ಒಂದೇ ಪುಸ್ತಕದಲ್ಲಿ ತಂದ. 16ನೇ ಶತಮಾನದ ಆರಂಭದ ಮೂರನೆಯ ಮಂಗರಸನಂತೂ ‘ಸೂಪಶಾಸ್ತ್ರ’ದಲ್ಲಿ ಪಾನಕಗಳಿಗೇ ಒಂದು ಅಧ್ಯಾಯ ಮೀಸಲಿಟ್ಟ.

ಮಂಗರಸನ ಕಾಲದ ಸುಮಾರಿನಲ್ಲೇ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ವಿಜಯನಗರಕ್ಕೆ ಬಂದಿದ್ದ. ಪೇಟೆಯಲ್ಲಿ ದ್ರಾಕ್ಷಿ, ಕಿತ್ತಳೆ, ಲಿಂಬೆ, ದಾಳಿಂಬೆ, ಹಲಸು, ಮಾವು ಅಗ್ಗದ ಬೆಲೆಗೆ ಸಿಗುವುದನ್ನು ಕಂಡು ಬೆರಗಿನಿಂದ ಬರೆದಿಟ್ಟಿದ್ದಾನೆ. ಹಂಪಿಯ ಪೇಟೆಯಲ್ಲಿ ರಾಶಿ ಬಿದ್ದ ದಾಳಿಂಬೆ ಈ ಒಣ ಸೀಮೆಗೆ ಹೊರಗಿನದೇನೂ ಆಗಿರಲಿಲ್ಲ. ಆದರೆ ಇವತ್ತಿನ ಜ್ಯೂಸ್ ಅಂಗಡಿಯ ಅರ್ಧ ಹಣ್ಣು ಪಾಯೆಸ್‌ನ ಪಟ್ಟಿಯಲ್ಲಿಲ್ಲ. ಪಪ್ಪಾಯ, ಅನಾನಸು, ಸೀಬೆ, ಚಿಕ್ಕು ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ಸೀತೆಯ ಹೆಸರು ಹೊತ್ತು ನಮ್ಮ ಗುಡ್ಡಗಳಲ್ಲಿ ತಾನೇ ತಾನಾಗಿ ಬೆಳೆಯುವ ಸೀತಾಫಲವೂ ಆ ಕಡೆಯದೇ. ಬಂದವು ನಮ್ಮವಾದವು; ಕೂಡ್ಲಿಗಿಯ ಕಲ್ಲುಗುಡ್ಡದಲ್ಲಿ ಯಾರೂ ನೀರುಣಿಸದೆ ಹಣ್ಣು ಕೊಡುವ ಗಿಡವನ್ನು ಪರದೇಶಿ ಎನ್ನಲು ಯಾರಿಗೂ ಮನಸ್ಸು ಬರಲಾರದು.

ಮನೆಯೊಳಗಿನ ಪರಂಪರೆಯೂ ಇದೆ. ಮಾವಿನ ಹಣ್ಣು ಹಿಂಡಿ, ಹಾಲು, ಬೆಲ್ಲ ಅಥವಾ ಸಕ್ಕರೆ, ಏಲಕ್ಕಿ ಬೆರೆಸಿದ ಸೀಕರಣೆ ಇಲ್ಲದೆ ಉತ್ತರ ಕರ್ನಾಟಕದ ಬೇಸಿಗೆಯ ಹೋಳಿಗೆ ಊಟವಿಲ್ಲ. ಬಾಳೆಹಣ್ಣಿನ ಸೀಕರಣೆ ವರ್ಷವಿಡೀ. ಮಿಕ್ಸಿ ಬರುವ ಮೊದಲು ಇದನ್ನು ಮಾಡುತ್ತಿದ್ದದ್ದು ಬೆರಳುಗಳು. ರಾಮನವಮಿಗೆ ಬೇಲದ ಹಣ್ಣಿನ, ಕರಬೂಜದ ಪಾನಕ. ಮೊಹರಂನಲ್ಲಿ ಪೀರಲ ದೇವರ ಮುಂದೆ ಬೆಲ್ಲದ ಶರಬತ್ತು, ಚೊಂಗ್ಯ. ನಮ್ಮ ಊರುಗಳಲ್ಲಿ ಈ ಎರಡು ಹಬ್ಬದ ಗಂಗಾಳಗಳಿಗೂ ಕೈಯೊಡ್ಡುವವರು ಒಂದೇ ಜನ. ಆ ಪಾನಕಗಳಲ್ಲಿ ಬೆಲ್ಲದ ಜತೆ ಹುಳಿ, ಚಿಟಿಕೆ ಉಪ್ಪು, ಶುಂಠಿ, ಮೆಣಸು, ಏಲಕ್ಕಿ ಇರುತ್ತಿತ್ತು. ಬೆವರಿನಲ್ಲಿ ಹೋದ ನೀರಿನ ಜತೆ ಹೋದ ಉಪ್ಪೂ ಮೈಗೆ ಮರಳಬೇಕು. ಬಾಯಿಗೆ ಹುಳಿ ತಾಗಿದರೆ ಜೊಲ್ಲೂರಿ ದಾಹ ಇಂಗುತ್ತದೆ. ಎಷ್ಟೋ ತಲೆಮಾರು ಹೊಲದಲ್ಲಿ ನಿಂತು ದುಡಿದವರು ಕಂಡುಕೊಂಡ ಪಾಕ ಅದು. ಐಸ್‌ಕ್ರೀಂ ಹಾಕಿದ ಮಿಲ್ಕ್‌ಶೇಕ್ ಕುಡಿದ ಅರ್ಧ ತಾಸಿಗೆ ಮತ್ತೆ ನೀರಡಿಕೆಯಾದಾಗ ಈ ಪಾಕ ನೆನಪಾಗುತ್ತದೆ.

ಇನ್ನು ಯಂತ್ರದ ಮಾತು. ಅಮೆರಿಕದ ರಸೀನ್ ಪಟ್ಟಣದಲ್ಲಿದ್ದ ಪೋಲೆಂಡ್ ಮೂಲದ ಸ್ಟೀಫನ್ ಪೊಪ್ಲಾವ್‌ಸ್ಕಿ 1922ರಲ್ಲಿ ಪಾತ್ರೆಯ ತಳದಲ್ಲಿ ತಿರುಗುವ ಬ್ಲೇಡು ಇಟ್ಟು ಹಾಲಿನ ಪೇಯ ಕಲಸುವ ಸಾಧನ ಮಾಡಿದ. 1937ರಲ್ಲಿ ವಾದ್ಯವೃಂದದ ನಾಯಕ ಫ್ರೆಡ್ ವೇರಿಂಗ್‌ನ ಬೆಂಬಲದಿಂದ ಬ್ಲೆಂಡರ್ ಮಾರುಕಟ್ಟೆ ಸೇರಿತು. ಅಲ್ಲಿ ಆರೋಗ್ಯದ ಹೆಸರಿನಲ್ಲಿ ಹಣ್ಣು ರುಬ್ಬಿ ಕುಡಿಯುವ ಅಂಗಡಿಗಳು 1970ರ ದಶಕದಲ್ಲಿ ಹಬ್ಬಿದವು. ಲೂಯಿಸಿಯಾನದ ಸ್ಟೀವ್ ಕೂನೊ ಎಂಬಾತ ತನ್ನ ಅಲರ್ಜಿಗೆ ಒಗ್ಗುವ ಪೇಯ ಹುಡುಕುತ್ತಾ 1973ರಲ್ಲಿ ಶುರುಮಾಡಿದ ‘ಸ್ಮೂದಿ ಕಿಂಗ್’ ಅಂಥವುಗಳಲ್ಲಿ ಹೆಸರಾದದ್ದು. ಆ ಕಥೆ ಅಲ್ಲಿಗೆ ಸಾಕು. ನಮಗೆ ಮುಖ್ಯವಾದದ್ದು ಇನ್ನೊಂದು ಅಡುಗೆಮನೆ. ಎಂಜಿನಿಯರ್ ಸತ್ಯಪ್ರಕಾಶ ಮಾಥುರ್ ಅವರ ಪತ್ನಿ ಮಾಧುರಿಯವರ ವಿದೇಶಿ ಮಿಕ್ಸಿ ನಮ್ಮ ಗಟ್ಟಿ ರುಬ್ಬುವಿಕೆಗೆ ಸುಟ್ಟುಹೋಯಿತು. ಇಡ್ಲಿ ಹಿಟ್ಟು, ಒಣಕೊಬ್ಬರಿ, ಮಸಾಲೆ ತಡೆಯುವ ಮೋಟರಿನ ಯಂತ್ರ ಮಾಥುರ್ ಅವರಿಂದ ಹುಟ್ಟಿತು. 1963ರಲ್ಲಿ ಬಂದ ಆ ‘ಸುಮೀತ್’ ಮಿಕ್ಸಿ ದಕ್ಷಿಣ ಭಾರತದ ಅಡುಗೆಮನೆಯನ್ನೇ ಬದಲಿಸಿತು. ಚಟ್ನಿಗೆಂದು ಬಂದ ಯಂತ್ರವೇ ಬೀದಿಗಿಳಿದು ಹಣ್ಣು ರುಬ್ಬತೊಡಗಿತು. ಇವತ್ತಿಗೂ ನಮ್ಮ ತಳ್ಳುಗಾಡಿಗಳಲ್ಲಿ ಕಾಣುವುದು ಎತ್ತರದ ಪರದೇಶಿ ಬ್ಲೆಂಡರ್ ಅಲ್ಲ, ಮದುವೆಯಲ್ಲಿ ಉಡುಗೊರೆ ಕೊಡುವ ಅದೇ ಮನೆಯ ಮಿಕ್ಸಿ.

ಹಾಗಿದ್ದರೂ ಹಳ್ಳಿಗೆ ಜ್ಯೂಸ್ ಬರಲು ತಡವಾಯಿತು. ಹಣ್ಣಾಗಲಿ ಮಿಕ್ಸಿಯಾಗಲಿ ಇಲ್ಲದ್ದಕ್ಕಲ್ಲ, ಕರೆಂಟು ಇಲ್ಲದ್ದಕ್ಕೆ. ಜ್ಯೂಸ್ ಮಾರಾಟವಾಗುವುದು ನಡುಮಧ್ಯಾಹ್ನ. ಹಳ್ಳಿಯಲ್ಲಿ ಕರೆಂಟು ಹೋಗುತ್ತಿದ್ದದ್ದೂ ಅದೇ ಹೊತ್ತಿಗೆ. ಪಂಪ್‌ಸೆಟ್ಟಿನ ಮಾರ್ಗವನ್ನೂ ಮನೆಗಳ ಮಾರ್ಗವನ್ನೂ ಬೇರ್ಪಡಿಸಿದ ‘ನಿರಂತರ ಜ್ಯೋತಿ’ ಯೋಜನೆ ಬಂದ ಮೇಲೆ ಮಧ್ಯಾಹ್ನವೂ ಮಿಕ್ಸಿ ತಿರುಗುವ ಭರವಸೆ ಸಿಕ್ಕಿತು. ಅದರ ಹಿಂದೆಯೇ ಚಿಕ್ಕ ಫ್ರೀಜರು, ಹಾಲಿನ ಪಾಕೀಟು, ತಾಲ್ಲೂಕು ಕೇಂದ್ರದಿಂದ ಟಂಟಂನಲ್ಲಿ ಬರುವ ಹಣ್ಣಿನ ಕ್ರೇಟು. ಬಿತ್ತನೆ ಕೈಕೊಟ್ಟ ವರ್ಷ ಬೆಂಗಳೂರಿಗೋ ಮಂಗಳೂರಿಗೋ ಗುಳೆ ಹೋಗಿ, ಅಲ್ಲಿನ ಜ್ಯೂಸ್ ಅಂಗಡಿಯಲ್ಲಿ ದುಡಿದು, ಊರಿಗೆ ಮರಳಿ ಸ್ವಂತ ಗಾಡಿ ಇಟ್ಟ ಹುಡುಗರು ಈ ಭಾಗದಲ್ಲಿದ್ದಾರೆ. ಕಿತ್ತಳೆ ಮೂಸಂಬಿ ಬೆರೆಸಿದ ‘ಗಂಗಾ ಜಮುನಾ’, ಸೇಬು ಬೀಟ್‌ರೂಟ್ ಗಜ್ಜರಿಯ ‘ಎಬಿಸಿ’, ಬಾಳೆಹಣ್ಣಿಗೆ ತಣ್ಣನೆ ಹಾಲು ಹಾಕಿ ರುಬ್ಬುವ ಕೇರಳದ ‘ಶಾರ್ಜಾ’ ಎಲ್ಲವೂ ಹೀಗೆ ದುಡಿಯಲು ಹೋದವರ ಕೈಹಿಡಿದು ಊರಿಗೆ ಬಂದವು. ಬೆಂಗಳೂರಿನ ಬಟರ್ ಫ್ರೂಟ್ ಕೂಡ ಈಗ ತಾಲ್ಲೂಕು ಕೇಂದ್ರಗಳ ಫಲಕದಲ್ಲಿದೆ.

ಇದಕ್ಕೂ ಮೊದಲು ನಮ್ಮ ಹಳ್ಳಿಗಳಲ್ಲಿ ಹಣ್ಣಿನ ಪೇಯವೆಂದರೆ ಪೊಟ್ಟಣದ್ದು. 1985ರಲ್ಲಿ ಬಂದ ‘ಫ್ರೂಟಿ’ ಮಾವಿನ ರುಚಿಯನ್ನು ಕಾಗದದ ಡಬ್ಬಿಯಲ್ಲಿ ಕಿರಾಣಿ ಅಂಗಡಿಗೆ ತಲುಪಿಸಿತು. ಈ ಬಗೆಯ ‘ಕುಡಿಯಲು ಸಿದ್ಧ’ ಪೇಯದಲ್ಲಿ ಹಣ್ಣಿನ ರಸ ನೂರಕ್ಕೆ ಹತ್ತು ಪಾಲಿದ್ದರೆ ಸಾಕೆಂದು ಕಾನೂನೇ ಹೇಳುತ್ತದೆ, ಲಿಂಬೆಯದಾದರೆ ಐದು. ಉಳಿದದ್ದು ನೀರು, ಸಕ್ಕರೆ, ಹುಳಿ, ಪರಿಮಳ. 2024ರ ಜೂನ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗಟ್ಟಿಪಾಕಕ್ಕೆ ನೀರು ಬೆರೆಸಿ ಮತ್ತೆ ರಸ ಮಾಡಿದ ಡಬ್ಬಿಗಳ ಮೇಲೆ ‘ನೂರಕ್ಕೆ ನೂರು ಹಣ್ಣಿನ ರಸ’ ಎಂದು ಬರೆಯುವುದನ್ನು ನಿಲ್ಲಿಸಿ ಎಂದು ಕಂಪನಿಗಳಿಗೆ ಆದೇಶಿಸಿತು. ಮಗುವಿಗೆ ಜಾತ್ರೆಯಲ್ಲಿ ಡಬ್ಬಿ ಕೊಡಿಸುವ ಮೊದಲು ಅದರ ಬೆನ್ನ ಮೇಲಿನ ಸಣ್ಣ ಅಕ್ಷರ ಓದಿ ಎಂದು ಓದು ಬಲ್ಲ ಪ್ರತಿಯೊಬ್ಬರನ್ನೂ ಕೇಳಿಕೊಳ್ಳುತ್ತೇನೆ.

ಅಂಗಡಿಯ ತಾಜಾ ಜ್ಯೂಸನ್ನೂ ಕಣ್ಣುಮುಚ್ಚಿ ಹೊಗಳುವಂತಿಲ್ಲ. ಹಣ್ಣಿನಲ್ಲಿರುವ ಸಕ್ಕರೆ ನಾರಿನೊಳಗೆ ಅಡಗಿರುವವರೆಗೆ ನಿಧಾನವಾಗಿ ಮೈಗೆ ಸೇರುತ್ತದೆ. ಹಿಂಡಿ, ಸೋಸಿ, ಮೇಲೆ ಸಕ್ಕರೆ ಹಾಕಿದರೆ ಅದು ಬೇರೆಯೇ ಪದಾರ್ಥ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ, ದಿನದ ಒಟ್ಟು ಶಕ್ತಿಯಲ್ಲಿ ಬಿಡಿ ಸಕ್ಕರೆಯ ಪಾಲು ನೂರಕ್ಕೆ ಹತ್ತನ್ನು ದಾಟಬಾರದು ಎಂದಾಗ ಹಣ್ಣಿನ ರಸದ ಸಕ್ಕರೆಯನ್ನೂ ಆ ಲೆಕ್ಕಕ್ಕೇ ಸೇರಿಸಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೂ ರಸಕ್ಕಿಂತ ಇಡೀ ಹಣ್ಣು ಲೇಸು ಎಂದೇ ಹೇಳುತ್ತದೆ. ಮನೆಗೊಬ್ಬರು ಸಕ್ಕರೆ ಕಾಯಿಲೆಯವರಿರುವ ಕಾಲದಲ್ಲಿ ಇದನ್ನು ಪಕ್ಕಕ್ಕಿಡಲು ಬರುವುದಿಲ್ಲ.

ಆದರೆ ಸೋಸಿದ ರಸಕ್ಕೂ ರುಬ್ಬಿದ ಹಣ್ಣಿಗೂ ಅಂತರವಿದೆ, ಅದನ್ನು ನಾವು ಸರಿಯಾಗಿ ಗುರುತಿಸುತ್ತಿಲ್ಲ. ಮೂಸಂಬಿ ಹಿಂಡಿದಾಗ ನಾರು ಬುಟ್ಟಿಗೆ ಬೀಳುತ್ತದೆ. ಪಪ್ಪಾಯ, ಸೀಬೆ, ಚಿಕ್ಕು ರುಬ್ಬಿದಾಗ ನಾರು ಗ್ಲಾಸಿನಲ್ಲೇ ಇರುತ್ತದೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ, ಬೀಜವಿರುವ ಹಣ್ಣುಗಳನ್ನು ಬೀಜ ಸಮೇತ ರುಬ್ಬಿ ಕುಡಿದಾಗ ರಕ್ತದ ಸಕ್ಕರೆ ಅದೇ ಹಣ್ಣುಗಳನ್ನು ತಿಂದಾಗಿನದಕ್ಕಿಂತ ಕಡಿಮೆ ಏರಿದ್ದು ಕಂಡುಬಂತು. ಪುಡಿಯಾದ ಬೀಜದಿಂದ ಹೊರಬಂದ ನಾರು, ಕೊಬ್ಬು ಅದಕ್ಕೆ ಕಾರಣವಿರಬಹುದೆಂಬುದು ಅವರ ಊಹೆ. ಒಂದು ಸಣ್ಣ ಅಧ್ಯಯನವನ್ನು ನೆಚ್ಚಿ ದಿನಾ ಗ್ಲಾಸು ಎತ್ತಬೇಕಿಲ್ಲ. ಸೋಸಬೇಡಿ, ಸಕ್ಕರೆ ಹಾಕಬೇಡಿ ಎಂದು ಅಂಗಡಿಯವನಿಗೆ ಹೇಳಲು ಅಷ್ಟು ಆಧಾರ ಸಾಕು. ಕೇಳಿದರೆ ಅವರೂ ಹಾಗೆಯೇ ಮಾಡಿಕೊಡುತ್ತಾರೆ; ಕೇಳುವವರು ಕಡಿಮೆ. ಸಕ್ಕರೆ ಜಾಸ್ತಿ ಬೀಳುವುದು ಹಣ್ಣು ಎಳೆಯದಿದ್ದಾಗ. ಹದವಾಗಿ ಮಾಗಿದ, ಹತ್ತಿರದ ತೋಟದ ಹಣ್ಣಿಗೆ ಸಕ್ಕರೆಯ ಹಂಗಿಲ್ಲ. ದೂರದ ಲಾರಿಗೆಂದು ಕಾಯಿಯಲ್ಲೇ ಕೊಯ್ದು ಬಂದ ಹಣ್ಣಿಗೆ ಅದು ಬೇಕೇ ಬೇಕು.

ಹತ್ತಿರದ ತೋಟ ಅಂದೆ. ಕೊಳವೆಬಾವಿ, ಹನಿ ನೀರಾವರಿ ಬಂದ ಮೇಲೆ ಈ ಐದು ತಾಲ್ಲೂಕುಗಳ ಕೆಂಪು ನೆಲದಲ್ಲಿ ಜೋಳ, ಸಜ್ಜೆ, ಶೇಂಗಾದ ನಡುವೆ ದಾಳಿಂಬೆ, ಪಪ್ಪಾಯ ತೋಟಗಳು ಎದ್ದವು. ದಾಳಿಂಬೆಗೆ ಒಣ ಹವೆ ಬೇಕು, ಅದು ಇಲ್ಲಿ ಬೇಕಾದಷ್ಟಿದೆ. ಬಳ್ಳಾರಿ, ಕೊಪ್ಪಳ, ಬಾಗಲಕೋಟೆ ಸೀಮೆಯಲ್ಲಿ 2000ದ ದಶಕದಲ್ಲಿ ದಾಳಿಂಬೆ ಹಾಕಿ ಮನೆ ಕಟ್ಟಿದವರೂ ಇದ್ದರು, ದುಂಡಾಣು ಅಂಗಮಾರಿ ರೋಗ ಬಂದು ಗಿಡ ಕಿತ್ತು ಸುಟ್ಟವರೂ ಇದ್ದರು. ಹಣ್ಣಿನ ಮೇಲೆ ಎಣ್ಣೆ ಬಿದ್ದಂಥ ಕಪ್ಪು ಮಚ್ಚೆ, ಆಮೇಲೆ ಸೀಳು. ರೋಗವಿಲ್ಲದಿದ್ದರೂ, ಒಣಗಿದ ನೆಲಕ್ಕೆ ಒಮ್ಮೆಲೇ ಮಳೆ ಬಿದ್ದರೆ ದಾಳಿಂಬೆ ಸೀಳುತ್ತದೆ. ಸೀಳಿದ ಹಣ್ಣನ್ನು ರಫ್ತು ವ್ಯಾಪಾರಿ ಮುಟ್ಟುವುದಿಲ್ಲ. ಒಳಗಿನ ಕಾಳು ಮಾತ್ರ ಮಾಣಿಕ್ಯದಷ್ಟೇ ಚೆಂದ ಇರುತ್ತದೆ, ಅಂದೇ ಬಳಸಿದರೆ ರುಚಿಗೆ ಏನೂ ಕಡಿಮೆಯಿಲ್ಲ. ಅಂಥ ಹಣ್ಣನ್ನು ಅಂದೇ ತಲುಪಿಸಲು ಪಕ್ಕದ ಊರಿನ ಜ್ಯೂಸ್ ಅಂಗಡಿಗಿಂತ ಹತ್ತಿರದ ಮಾರುಕಟ್ಟೆ ರೈತನಿಗೆ ಬೇರೊಂದಿಲ್ಲ. ಆದರೆ ಹೊಳಲಿನ ಅಂಗಡಿಯವ ಹಡಗಲಿಯಿಂದ ಕ್ರೇಟು ತರಿಸುತ್ತಾನೆ, ಹಡಗಲಿಯ ವ್ಯಾಪಾರಿ ದೊಡ್ಡ ಪೇಟೆಯಿಂದ ತರಿಸುತ್ತಾನೆ. ನಾಲ್ಕು ಮೈಲಿ ಆಚೆಯ ತೋಟದ ಸೀಳು ಹಣ್ಣು ತಿಪ್ಪೆಗೆ ಹೋಗುತ್ತದೆ. ರೈತನನ್ನೂ ಅಂಗಡಿಯವನನ್ನೂ ಜೋಡಿಸಲು ಕಾರ್ಖಾನೆಯೂ ಬೇಡ, ಸಾಲವೂ ಬೇಡ. ಒಂದು ಫೋನ್ ನಂಬರು ಸಾಕು.

ಅಂಜೂರದ್ದು ಇನ್ನೂ ನೋವಿನ ಕಥೆ. ಬಳ್ಳಾರಿ ಅಂಜೂರಕ್ಕೆ ತನ್ನದೇ ಹೆಸರಿದೆ. 2020ರಲ್ಲಿ ಕೇಂದ್ರ ಸರ್ಕಾರ ಕಿರು ಆಹಾರ ಉದ್ದಿಮೆಗಳ ಯೋಜನೆಯಡಿ ‘ಜಿಲ್ಲೆಗೊಂದು ಉತ್ಪನ್ನ’ ಆರಿಸಿದಾಗ, ಆಗಿನ್ನೂ ಒಂದಾಗಿದ್ದ ಬಳ್ಳಾರಿ ಜಿಲ್ಲೆಗೆ ಸಿಕ್ಕಿದ್ದು ಅಂಜೂರ. ತುಂಗಭದ್ರೆಯ ಆಚೆ ದಡದ ಹಾವೇರಿಗೆ ಮಾವು, ಪಕ್ಕದ ಕೊಪ್ಪಳಕ್ಕೆ ಸೀಬೆ, ವಿಜಯಪುರಕ್ಕೆ ಲಿಂಬೆ. ಈ ನಾಲ್ಕು ಜಿಲ್ಲೆಯ ಪಟ್ಟಿಯನ್ನು ಒಟ್ಟಿಗಿಟ್ಟರೆ ಅದೇ ಒಂದು ಜ್ಯೂಸ್ ಅಂಗಡಿಯ ಫಲಕ! ಆದರೆ ನಮ್ಮ ಅಂಗಡಿಯಲ್ಲಿ ‘ಅಂಜೂರ ಶೇಕ್’ ಕೇಳಿದರೆ ನೆನೆಸಿಟ್ಟ ಒಣ ಅಂಜೂರ ರುಬ್ಬುತ್ತಾರೆ. ಅದು ಬಹುಮಟ್ಟಿಗೆ ಅಫ್ಘಾನಿಸ್ತಾನದ ಕಡೆಯಿಂದ ಬಂದದ್ದು. ಹಸಿ ಅಂಜೂರ ಕೊಯ್ದ ಎರಡು ಮೂರು ದಿನಕ್ಕೇ ಮೆತ್ತಗಾಗುತ್ತದೆ, ದೂರ ತಾಳುವುದಿಲ್ಲ. ದೂರ ತಾಳದ ಹಣ್ಣು ಹತ್ತಿರದವರಿಗೇ ಸೇರಬೇಕಾದದ್ದು. ಸಿಪ್ಪೆ ಸಮೇತ ತಣ್ಣನೆ ಹಾಲಿನಲ್ಲಿ ರುಬ್ಬಿದ ಹಸಿ ಅಂಜೂರಕ್ಕೆ ಸಕ್ಕರೆಯ ಹೆಸರೆತ್ತಬೇಕಿಲ್ಲ, ಒಳಗಿನ ಸಣ್ಣ ಬೀಜಗಳು ಹಲ್ಲಿಗೆ ಸಿಕ್ಕು ಕರಕರ ಎನ್ನುತ್ತವೆ. ಒಮ್ಮೆ ಕುಡಿದವರು ಒಣ ಅಂಜೂರದ ಕಡೆ ತಿರುಗುವುದು ಕಷ್ಟ.

ಸೀತಾಫಲಕ್ಕೆ ಎರಡು ಅಡ್ಡಿ. ಮಳೆಗಾಲದ ಕೊನೆಗೆ ಹಣ್ಣಾಗುತ್ತದೆ, ಬಾಯಾರುವುದು ಬೇಸಿಗೆಗೆ. ತಿರುಳು ತೆಗೆದಿಡೋಣವೆಂದರೆ ಬಿಸಿ ಮಾಡಿದ ಕೂಡಲೇ ಅದಕ್ಕೆ ಕಹಿ ಹತ್ತುತ್ತದೆ. ಮಾವಿನಂತೆ ಕುದಿಸಿ ಡಬ್ಬಿ ತುಂಬಲು ಬರುವುದಿಲ್ಲ. ಉಳಿದ ದಾರಿ ಒಂದೇ, ಬೀಜ ಬಿಡಿಸಿ ಹೆಪ್ಪುಗಟ್ಟಿಸಿ ಇಡುವುದು. ಪೇಟೆಯ ಐಸ್‌ಕ್ರೀಂ ಕಂಪನಿಗಳು ಮಾಡುವುದು ಇದನ್ನೇ. ಕೂಡ್ಲಿಗಿಯ ಗುಡ್ಡಗಳಲ್ಲಿ ಬೆಳಗಿನ ಜಾವ ಬುಟ್ಟಿ ಹೊತ್ತು ಸೀತಾಫಲ ಆರಿಸಿ, ಹೆದ್ದಾರಿಯ ಬದಿಯಲ್ಲಿ ಸಂಜೆಯವರೆಗೆ ಕೂತು, ಮಿಕ್ಕ ಹಣ್ಣು ಕರಗುವ ಮೊದಲು ಕೇಳಿದ ಬೆಲೆಗೆ ಕೊಟ್ಟು ಎದ್ದುಹೋಗುವ ಹೆಂಗಸರನ್ನು ಕಂಡಾಗಲೆಲ್ಲ ನನಗೆ ಒಂದು ಸಣ್ಣ ಶೀತಕೋಣೆಯ ಆಸೆ ಹುಟ್ಟುತ್ತದೆ. ಬೀಜ ಬಿಡಿಸುವ ಕೆಲಸ ಕೈಯಿಂದಲೇ ಆಗಬೇಕು, ತಾಳ್ಮೆಯ ಕೆಲಸ. ಸ್ತ್ರೀಶಕ್ತಿ ಸಂಘಗಳು ರೊಟ್ಟಿ, ಚಟ್ನಿಪುಡಿಯನ್ನು ಬೆಂಗಳೂರಿನವರೆಗೆ ಮುಟ್ಟಿಸಿವೆ. ಜಾಗ, ಕರೆಂಟು, ಫ್ರೀಜರು ಕೊಟ್ಟರೆ ಸೀತಾಫಲದ ತಿರುಳೂ ಅವರ ಕೈಯಲ್ಲಿ ಆಗದ ಕೆಲಸವಲ್ಲ. ಮೈಸೂರಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವಿದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ದೊಡ್ಡ ತಿರುಳಿನ, ಕಡಿಮೆ ಬೀಜದ ‘ಅರ್ಕಾ ಸಹನ್’ ಸೀತಾಫಲವನ್ನೂ, ಕೆಂಪು ತಿರುಳಿನ ‘ಅರ್ಕಾ ಕಿರಣ್’ ಸೀಬೆಯನ್ನೂ ಕೊಟ್ಟಿದೆ. ವಿದ್ಯೆ ರಾಜ್ಯದೊಳಗೇ ಇದೆ, ಅದು ಕೂಡ್ಲಿಗಿಗೆ ಬರಬೇಕು.

ಹಳೆಯ ರುಚಿಗೆ ಹೊಸ ಮಾರುಕಟ್ಟೆಯಿಲ್ಲ ಎಂಬ ಮಾತನ್ನು ಬೆಂಗಳೂರೇ ಸುಳ್ಳು ಮಾಡಿದೆ. ಅಲ್ಲಿನ ಒಂದು ಕಂಪನಿ 2013ರಲ್ಲಿ ‘ಪೇಪರ್ ಬೋಟ್’ ಹೆಸರಿನಲ್ಲಿ ಮಾವಿನಕಾಯಿ ಪಾನಕದಂಥ ಮನೆಯ ಪೇಯಗಳನ್ನೇ ಪೊಟ್ಟಣಕ್ಕೆ ತುಂಬಿ ದೇಶವೆಲ್ಲ ಮಾರಿತು. ಮಲ್ಲೇಶ್ವರದ ‘ಈಟ್ ರಾಜಾ’ ಅಂಗಡಿಯಲ್ಲಿ ಗ್ಲಾಸೇ ಇಲ್ಲ. ಕಲ್ಲಂಗಡಿ, ಕರಬೂಜ, ಅನಾನಸಿನ ಸಿಪ್ಪೆಯ ಬಟ್ಟಲಲ್ಲೇ ರಸ ಕೊಡುತ್ತಾರೆ. ಜಾತ್ರೆ ಮುಗಿದ ಮರುದಿನ ಕೊಟ್ಟೂರಿನ ಹೊರವಲಯದಲ್ಲಿ, ಮೈಲಾರದ ಡೆಂಕನಮರಡಿಯ ಸುತ್ತ ಗಾಳಿಗೆ ಹಾರುವ ಪ್ಲಾಸ್ಟಿಕ್ ಲೋಟಗಳನ್ನು ನೋಡಿದವರಿಗೆ ಆ ಸಿಪ್ಪೆಯ ಬಟ್ಟಲಿನ ಬೆಲೆ ಗೊತ್ತಾಗುತ್ತದೆ. ಸಿಪ್ಪೆಯಾದರೆ ದನಕ್ಕೆ ಮೇವು.

ಹುಣಸೆಗೆ ಸೀತಾಫಲದಷ್ಟು ಏರ್ಪಾಡು ಬೇಡ. ಕೂಡ್ಲಿಗಿ ತಾಲ್ಲೂಕಿನ ರಸ್ತೆಗಳ ಎರಡೂ ಬದಿಗೆ, ಹೊಲದ ಬದುಗಳಿಗೆ ಹುಣಸೆಮರಗಳಿವೆ. ಹಣ್ಣು ಜಾತ್ರೆಯ ಕಾಲಕ್ಕೇ ಕೈಗೆ ಬರುತ್ತದೆ, ವರ್ಷವಿಡೀ ಕೆಡುವುದಿಲ್ಲ. ನೆನೆಸಿ ಕಿವುಚಿ ಬೆಲ್ಲ, ಜೀರಿಗೆ ಪುಡಿ, ಉಪ್ಪು ಬೆರೆಸಿದರೆ ಆಯಿತು. ಗೋಲಿ ಸೋಡಾಕ್ಕೆ ಬೆರೆಸಿದರೆ ಕಾಲೇಜು ಹುಡುಗರೂ ಕುಡಿದಾರು. ಜ್ಯೂಸ್ ಅಂಗಡಿಯ ಫಲಕದಲ್ಲಿ ಅದಕ್ಕೊಂದು ಸಾಲು ಬೇಕಷ್ಟೆ.

ಬೇಲವೂ ಹಾಗೆಯೇ. ಮರದಿಂದ ಬಿದ್ದ ಬೇಲದ ಹಣ್ಣನ್ನು ಫ್ರಿಜ್ಜಿನಲ್ಲಿಡಬೇಕಿಲ್ಲ. ಗಟ್ಟಿ ಚಿಪ್ಪಿನೊಳಗೆ ಅದು ವಾರಗಟ್ಟಲೆ ಚೆನ್ನಾಗಿರುತ್ತದೆ. ಕೊಳ್ಳುವಾಗ ಒಂದು ಗೇಣು ಎತ್ತರದಿಂದ ನೆಲಕ್ಕೆ ಬಿಟ್ಟು ನೋಡಿ: ಪುಟಿದರೆ ಕಾಯಿ, ಪುಟಿಯದೆ ಕೂತರೆ ಹಣ್ಣು. ಮೂಗಿನ ಹತ್ತಿರ ಹಿಡಿದರೆ ಹುಳಿಬೆರೆತ ಘಮ ಬರಬೇಕು. ಕಲ್ಲಿಗೆ ಕುಟ್ಟಿ ಒಡೆದು ಕಂದುಬಣ್ಣದ ತಿರುಳನ್ನು ಚಮಚದಿಂದ ತೆಗೆಯಿರಿ. ಒಂದು ದೊಡ್ಡ ಹಣ್ಣಿಗೆ ನಾಲ್ಕೈದು ಲೋಟ ನೀರು, ಹಣ್ಣಿನ ಹುಳಿ ನೋಡಿಕೊಂಡು ಪುಡಿಬೆಲ್ಲ. ಅರ್ಧ ತಾಸು ನೆನೆಯಲು ಬಿಟ್ಟು ಕೈಯಿಂದಲೇ ಕಿವುಚಿ. ಇದೊಂದನ್ನು ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದರೆ ಒಗರಾಗುತ್ತದೆ. ದಪ್ಪ ಕಣ್ಣಿನ ಜರಡಿಯಲ್ಲಿ ಸೋಸಿ, ಏಲಕ್ಕಿ, ಒಣಶುಂಠಿ, ನಾಲ್ಕು ಕಾಳು ಮೆಣಸು ಕುಟ್ಟಿ ಹಾಕಿ, ಚಿಟಿಕೆ ಉಪ್ಪು ಸೇರಿಸಿ ಮಣ್ಣಿನ ಗಡಿಗೆಗೆ ಸುರಿಯಿರಿ. ಹೊಸ ಗಡಿಗೆಯಾದರೆ ಹಿಂದಿನ ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಚೆಲ್ಲಬೇಕು, ಇಲ್ಲವಾದರೆ ಪಾನಕಕ್ಕೆ ಮಣ್ಣಿನ ವಾಸನೆ ಹತ್ತುತ್ತದೆ. ಬೆಳಿಗ್ಗೆ ಮಾಡಿಟ್ಟದ್ದನ್ನು ಮಧ್ಯಾಹ್ನದೊಳಗೆ ಖಾಲಿ ಮಾಡಬೇಕು. ಈ ಬಿಸಿಲಿಗೆ ಸಂಜೆಯ ಹೊತ್ತಿಗೆ ಅದು ಹುದುಗಲು ಶುರುವಾಗುತ್ತದೆ.